ಮರಳಿ ಹೋಗುತ್ತೀರಿ ಎನ್ನಲು ಏನು ಪುರಾವೆ?

ಟೊರೊಂಟೊದಿಂದ ಕ್ವೀನ್ ಎಲಿಜಬೆತ್ ವೇ ಹೆದ್ದಾರಿ ಹಿಡಿದರೆ ಒಂಟಾರಿಯೊ ಸರೋವರದ ದಂಡೆಗುಂಟ ಹ್ಯಾಮಿಲ್ಟನ್, ಸೇಂಟ್ ಕ್ಯಾಥರೀನ್ಸ್ ದಾಟಿ ಫೋರ್ಟ್ ಈರಿ ಎಂಬ ಸಣ್ಣ ಊರಿಗೆ ಬಂದು ರಸ್ತೆ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ 1927ರಲ್ಲಿ ಸಂಚಾರಕ್ಕೆ ತೆರೆದ ಪೀಸ್ ಬ್ರಿಡ್ಜ್. ಕೆಳಗೆ ನಯಾಗರ ನದಿ, ಆಚೆ ದಡದಲ್ಲಿ ಅಮೆರಿಕದ ಬಫಲೊ ನಗರ. ರಸ್ತೆ ಖಾಲಿ ಇದ್ದ ದಿನ ಎರಡು ಗಂಟೆಯೊಳಗೆ ಮುಗಿಯುವ ಪ್ರಯಾಣ. ಹೆಚ್ಚುಕಮ್ಮಿ ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟು ದೂರ. ಕೆನಡಾದ ಪೌರರು ನೆಂಟರನ್ನು ನೋಡಲು, ಶಾಪಿಂಗ್ ಮಾಡಲು, ಸುಮ್ಮನೆ ಸುತ್ತಿ ಬರಲು ವೀಸಾ ಇಲ್ಲದೆ ಈ ಸೇತುವೆ ದಾಟಬಹುದು. ಬೂತಿನಲ್ಲಿ ಕುಳಿತ ಅಧಿಕಾರಿ ಪಾಸ್‌ಪೋರ್ಟ್ ನೋಡಿ ನಾಲ್ಕು ಪ್ರಶ್ನೆ ಕೇಳಿ ಬಿಟ್ಟುಬಿಡುತ್ತಾರೆ.

ಆದರೆ "ಯಾರನ್ನು ನೋಡಲು ಹೋಗುತ್ತಿದ್ದೀರಿ?" ಎಂಬ ಪ್ರಶ್ನೆಗೆ "ಗಂಡನನ್ನು" ಎಂದೋ "ಹೆಂಡತಿಯನ್ನು" ಎಂದೋ ಉತ್ತರ ಬಂದರೆ ಮಾತು ಅಷ್ಟಕ್ಕೆ ಮುಗಿಯುವುದಿಲ್ಲ. ಅವರು ಅಮೆರಿಕದ ಪೌರರೇ? ಮದುವೆ ಯಾವಾಗ ಆಯಿತು? ಪಿಟಿಷನ್ ಹಾಕಿದ್ದೀರಾ? ನೀವು ಬೇರೆ ಬೇರೆ ದೇಶದಲ್ಲಿ ಇರುವುದೇಕೆ? ಎಷ್ಟು ದಿನ ಇರುತ್ತೀರಿ? ಮರಳಿ ಹೋಗುತ್ತೀರಿ ಎನ್ನಲು ಏನು ಪುರಾವೆ? ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಒಳಗೆ ಬರಲು ಹೇಳುತ್ತಾರೆ. ಈ ದಾರಿಯಲ್ಲಿ ಓಡಾಡುವವರು ಇದಕ್ಕೆ "ಸೆಕೆಂಡರಿಗೆ ಕಳಿಸಿದರು" ಅನ್ನುತ್ತಾರೆ. ಬೆಂಚಿನ ಮೇಲೆ ಕೂತು ಹೆಸರು ಕರೆಯುವುದನ್ನು ಕಾಯಬೇಕು. ಫೋನು ಮುಟ್ಟಬೇಡಿ ಎಂದರೆ ಮುಟ್ಟುವಂತಿಲ್ಲ. ಸೇತುವೆಯಾಚೆ ಗಂಡ ಅನ್ನ ಸಾರು ಮಾಡಿಟ್ಟು ಕಾಯುತ್ತಿದ್ದರೂ ಅವನಿಗೆ ತಡವಾಗುತ್ತದೆ ಎಂದು ತಿಳಿಸುವ ದಾರಿ ಇರುವುದಿಲ್ಲ.

ಈ ಪ್ರಶ್ನೆಗಳ ಬೇರು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯಲ್ಲಿದೆ. ಅಧ್ಯಕ್ಷ ಹ್ಯಾರಿ ಟ್ರೂಮನ್ ತಡೆದರೂ ಅಮೆರಿಕದ ಕಾಂಗ್ರೆಸ್ಸು ಮತ್ತೆ ಮತ ಹಾಕಿ ಜಾರಿಗೆ ತಂದ ಕಾನೂನು ಅದು. ಅದರ 214(ಬಿ) ಕಲಮಿನ ಪ್ರಕಾರ, ಅಮೆರಿಕದ ಬಾಗಿಲಿಗೆ ಬರುವ ಪ್ರತಿ ಪರದೇಶಿಯನ್ನೂ ಅಲ್ಲೇ ನೆಲೆಸಲು ಬಂದವರೆಂದೇ ಮೊದಲು ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಬಂದವರದು. ವೀಸಾ ಕೊಡುವ ಕಾನ್ಸುಲರ್ ಅಧಿಕಾರಿಗೂ ಗಡಿಯಲ್ಲಿ ನಿಂತ ಅಧಿಕಾರಿಗೂ ಅದು ಮನವರಿಕೆ ಆಗಬೇಕು. ಎಚ್-1ಬಿ, ಎಲ್-1 ಎಂಬ ಕೆಲಸದ ವೀಸಾದವರಿಗೆ ಮತ್ತು ಅವರನ್ನು ಅವಲಂಬಿಸಿ ಹೋಗುವ ಹೆಂಡತಿ ಮಕ್ಕಳಿಗೆ 1990ರ ತಿದ್ದುಪಡಿಯಲ್ಲಿ ಈ ಅನುಮಾನದಿಂದ ವಿನಾಯಿತಿ ಸಿಕ್ಕಿತು. ನಮ್ಮ ಸಾಫ್ಟ್‌ವೇರ್ ಎಂಜಿನಿಯರುಗಳು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಯೂ ಊರಿಗೆ ಬಂದು ನಿರಾತಂಕವಾಗಿ ವಾಪಸಾಗುತ್ತಿದ್ದದ್ದು ಅದರಿಂದಲೇ. ಬಿ-2 ಎಂಬ ಭೇಟಿಯ ವರ್ಗಕ್ಕೆ ಆ ವಿನಾಯಿತಿ ಇಲ್ಲ. ಕಂಪನಿಯ ಕೆಲಸಕ್ಕೆ ಬಂದವನಿಗೆ ಎರಡು ಮನಸ್ಸು ಇರಬಹುದು ಎಂದು ಒಪ್ಪಿದ ಕಾನೂನು, ಗಂಡನನ್ನು ನೋಡಲು ಬಂದ ಹೆಂಡತಿಗೆ ಅದನ್ನು ಒಪ್ಪಲಿಲ್ಲ.

ಹಾಗಾದರೆ ಹೆಂಡತಿಯಾಗಿಯೇ ಹೋಗಬಾರದೇಕೆ? ಹೋಗಬಹುದು, ಕಾಯಬೇಕು. ಅಮೆರಿಕದ ಪೌರನಾದ ಗಂಡ ಐ-130 ಎಂಬ ಪಿಟಿಷನ್ ಹಾಕುತ್ತಾನೆ. ಅದು ಮಂಜೂರಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರಿಗೆ ಹೋಗುತ್ತದೆ. ಪೊಲೀಸ್ ಸರ್ಟಿಫಿಕೇಟ್, ಗಂಡನ ಆದಾಯದ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಎಲ್ಲ ಮುಗಿದು ಕೊನೆಗೆ ಸಂದರ್ಶನ. ಕೆನಡಾದಲ್ಲಿ ಇರುವವರಿಗೆಲ್ಲ ಆ ಸಂದರ್ಶನ ಮಾಂಟ್ರಿಯಲ್‌ನ ಅಮೆರಿಕನ್ ಕಾನ್ಸುಲೇಟಿನಲ್ಲಿ. ವ್ಯಾಂಕೂವರ್‌ನಲ್ಲಿ ಇದ್ದವರೂ ದೇಶದ ಇನ್ನೊಂದು ತುದಿಗೆ ಹಾರಿ ಬರಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ವರ್ಷ ದಾಟುವುದು ಮಾಮೂಲು, ಎರಡು ದಾಟಿದರೂ ಅಚ್ಚರಿಯಿಲ್ಲ. ಕಾಯುವವರ ಸಂಕಟ ಅಮೆರಿಕದ ಸಂಸತ್ತಿಗೆ ತಿಳಿಯದ್ದೇನಲ್ಲ. 2000ನೇ ಇಸವಿಯ ಡಿಸೆಂಬರಿನಲ್ಲಿ ಕೆ-3 ಎಂಬ ವೀಸಾವನ್ನು ಸೃಷ್ಟಿಸಿದ್ದೇ ಹೆಂಡತಿ ಗಂಡನ ಹತ್ತಿರ ಇದ್ದುಕೊಂಡು ಕಾಯಲಿ ಎಂದು. ಆದರೆ ಕೆ-3ರ ಅರ್ಜಿಯೂ ಮೂಲ ಪಿಟಿಷನ್ನೂ ಒಟ್ಟೊಟ್ಟಿಗೇ ಮಂಜೂರಾಗತೊಡಗಿ, ಮೂಲದ್ದು ಬಂದ ಮೇಲೆ ಇದು ಬೇಕಿಲ್ಲ ಎಂದು ಕೆ-3ರ ಕಡತ ಮುಚ್ಚುವುದು ರೂಢಿಯಾಯಿತು. ಕಾನೂನಿನ ಪುಸ್ತಕದಲ್ಲಿ ಅದು ಇನ್ನೂ ಇದೆ, ಕೈಗೆ ಸಿಗುವುದಿಲ್ಲ. ಉಳಿದದ್ದು ಭೇಟಿಯೊಂದೇ: ವಾರಾಂತ್ಯಕ್ಕೆ, ಕ್ರಿಸ್‌ಮಸ್ ರಜೆಗೆ, ದೀಪಾವಳಿಗೆ, ಗಂಡನಿಗೆ ಹುಷಾರಿಲ್ಲದಾಗ.

ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಈ ದಾರಿಯಲ್ಲಿ ಓಡಾಡಿದವಳು. ತೀರ್ಥಹಳ್ಳಿ ಕಡೆಯವಳು, ಓದಲು ಕೆನಡಾಕ್ಕೆ ಹೋಗಿ ಅಲ್ಲಿಯ ಪೌರತ್ವ ಪಡೆದವಳು. ಮಿಸ್ಸಿಸಾಗದ ಒಂದು ಪ್ರಯೋಗಾಲಯದಲ್ಲಿ ಕೆಲಸ. ಗಂಡ ಅಮೆರಿಕದಲ್ಲೇ ಹುಟ್ಟಿದ ಕನ್ನಡದ ಹುಡುಗ. ಅವಳ ಫೈಲನ್ನು ನಾನು ಪೂರ್ತಿ ತಿರುವಿ ನೋಡಿದ್ದೇನೆ. ನೀಲಿ ಬಣ್ಣದ, ಪ್ಲಾಸ್ಟಿಕ್ ಹಾಳೆಗಳ ಫೈಲು. ಮೊದಲನೆಯದು ಕಂಪನಿಯ ಪತ್ರ: ಇವಳು ನಮ್ಮಲ್ಲಿ ಖಾಯಂ ನೌಕರಿಯಲ್ಲಿದ್ದಾಳೆ, ಇಂತಿಂಥ ದಿನ ರಜೆ ಮಂಜೂರಾಗಿದೆ, ಇಂಥ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕು, ಕೆಳಗೆ ಮ್ಯಾನೇಜರ್ ಸಹಿ ಮತ್ತು ಫೋನ್ ನಂಬರು. ಎರಡನೆಯದು ಬಾಡಿಗೆ ಕರಾರು. ಅದರ ಹಿಂದೆ ಕಳೆದ ಕೆಲವು ತಿಂಗಳ ಸಂಬಳದ ಚೀಟಿ, ಕೆನಡಾ ತೆರಿಗೆ ಇಲಾಖೆ ಕಳಿಸಿದ ನೋಟಿಸ್ ಆಫ್ ಅಸೆಸ್‌ಮೆಂಟ್, ಕಾರಿನ ವಿಮೆ, ಕರೆಂಟ್ ಬಿಲ್ಲು, ದಂತವೈದ್ಯರ ಅಪಾಯಿಂಟ್‌ಮೆಂಟ್ ಚೀಟಿ. ಒಂಟಾರಿಯೊದ ಸರ್ಕಾರಿ ಆರೋಗ್ಯ ವಿಮೆ ಉಳಿಯಬೇಕಾದರೆ 12 ತಿಂಗಳಲ್ಲಿ ಕನಿಷ್ಠ 153 ದಿನ ಪ್ರಾಂತದೊಳಗೇ ಇರಬೇಕು ಎಂಬ ನಿಯಮದ ಪ್ರತಿಯನ್ನೂ ಇಟ್ಟುಕೊಂಡಿದ್ದಳು. ತುದಿಯಲ್ಲಿ ಐ-130 ಸ್ವೀಕೃತವಾಗಿದೆ ಎಂಬ ರಸೀತಿ. "ಇದನ್ನ ಮೇಲೆ ಇಡೋದೋ ಕೆಳಗೆ ಇಡೋದೋ ಅಂತ ಪ್ರತಿ ಸಲ ಯೋಚನೆ ಮಾಡ್ತೀನಿ ಸಾರ್" ಎಂದಳು. ಅವಳ ಆ ಯೋಚನೆಯಲ್ಲೇ ಈ ಇಡೀ ವಿಷಯದ ತಿರುಳು ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಸಲ ಗಡಿಯಲ್ಲಿ ಅವಳನ್ನು ಹಿಂದೆ ಕಳಿಸಿದರು. ಆ ದಿನ ಫೈಲಿನಲ್ಲಿ ಕೊರತೆ ಇರಲಿಲ್ಲ. ಕೆಡಿಸಿದ್ದು ಕಾರಿನ ಡಿಕ್ಕಿ. ಗಂಡನ ಮನೆಯಲ್ಲಿ ಸರಿಯಾದ ಪಾತ್ರೆ ಇಲ್ಲ ಎಂದು ಐದು ಲೀಟರಿನ ಕುಕ್ಕರ್, ಅಮ್ಮ ಕಳಿಸಿದ್ದ ಹುಳಿಪುಡಿ ಡಬ್ಬಿಗಳು, ನವರಾತ್ರಿಗೆ ಉಡಲು ಎರಡು ರೇಷ್ಮೆ ಸೀರೆ, ಬೇಸಿಗೆಯಲ್ಲೇ ಚಳಿಗಾಲದ ದಪ್ಪ ಕೋಟು. ಜೊತೆಗೊಂದು ಕವರಿನಲ್ಲಿ ವಿಶ್ವವಿದ್ಯಾಲಯದ ಮೂಲ ಪದವಿ ಪತ್ರ. ಗಂಡ ಸ್ಕ್ಯಾನ್ ಮಾಡಿಡುತ್ತೇನೆ ಎಂದಿದ್ದ. ನೋಡುವವರ ಕಣ್ಣಿಗೆ ಇದು ವಾರದ ಭೇಟಿಯ ಸಾಮಾನಲ್ಲ, ಸಂಸಾರ ಹೂಡಲು ಹೊರಟವರ ಸಾಮಾನು. ಕೋಟು ಏಕೆ ಎಂದರೆ ಅವಳ ಹತ್ತಿರ ಉತ್ತರವಿತ್ತು: ಮಿಸ್ಸಿಸಾಗದ ಕೋಣೆಯಲ್ಲಿ ಜಾಗ ಇಲ್ಲ, ಅಲ್ಲಿ ಇಡೋಣ ಎಂದು. ಆ ಉತ್ತರ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ಪ್ರವೇಶದ ಕೋರಿಕೆಯನ್ನು ತಾನೇ ಹಿಂಪಡೆಯುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿಸಿ, ಕಾರು ತಿರುಗಿಸಲು ಹೇಳಿದರು. ಅವಳು ರಸ್ತೆ ಬದಿಯಲ್ಲಿ ನಿಲ್ಲಿಸಿ ಊರಿಗೆ ಫೋನು ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಗಂಡನ ಮನೆಗೆ ಹೋಗೋಕೆ ಯಾರ ಅಪ್ಪಣೆ ಬೇಕಾಯ್ತೇ, ಪುಟ್ಟಿ?"

ಹಾಗೆ ಸಹಿ ಮಾಡಿ ಹಿಂದಿರುಗಿದ್ದು ಅವಳ ಪಾಲಿಗೆ ಒಳ್ಳೆಯದೇ ಆಯಿತು ಎಂಬುದನ್ನು ಇಂಥ ಸ್ಥಿತಿಯಲ್ಲಿರುವ ಎಲ್ಲರೂ ತಿಳಿದಿರಬೇಕು. 1996ರಲ್ಲಿ ಬಂದ ಕಾನೂನಿನ ಪ್ರಕಾರ, ವಲಸೆ ವೀಸಾ ಇಲ್ಲದೆ ನೆಲೆಸಲು ಬಂದಿದ್ದಾರೆ ಎಂದು ಅಧಿಕಾರಿ ತೀರ್ಮಾನಿಸಿದರೆ ನ್ಯಾಯಾಧೀಶರ ಮುಂದೆ ಹೋಗದೆಯೇ ತ್ವರಿತ ಗಡೀಪಾರಿನ ಆದೇಶ ಹೊರಡಿಸಬಹುದು. ಆಗ ಐದು ವರ್ಷ ನಿಷೇಧ. ಇನ್ನು ಸುಳ್ಳು ಹೇಳಿ ಸಿಕ್ಕಿಬಿದ್ದರೆ, ಅಂದರೆ ಗಂಡನನ್ನು ನೋಡಲು ಹೊರಟವಳು ಸ್ನೇಹಿತೆಯನ್ನು ನೋಡಲು ಎಂದರೆ, ನಿಷೇಧ ಜೀವಮಾನದ್ದು. ವಿಶೇಷ ಮಾಫಿ ಪಡೆದರಷ್ಟೇ ಅದು ಸರಿಯುತ್ತದೆ. ಫೋನು ತೆರೆದು ನೋಡುವ ಅಧಿಕಾರ ತನಗಿದೆ ಎನ್ನುತ್ತದೆ ಅಮೆರಿಕದ ಗಡಿ ಇಲಾಖೆ. "ಇನ್ನು ಸಾಕು, ಬಂದ್ಬಿಡ್ತೀನಿ ನಿನ್ ಹತ್ರ" ಎಂದು ಬೇಸರದ ರಾತ್ರಿ ಗಂಡನಿಗೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಅಲ್ಲಿ ಸಾಕ್ಷಿಯಾಗಿ ನಿಲ್ಲಬಹುದು. ಗಂಡ ಹೆಂಡತಿಯ ಮಾತು ಯಾವ ಭಾಷೆಯಲ್ಲಿದ್ದರೂ ಅದು ಹಾಗೇ ಇರುತ್ತದೆ. ಅದನ್ನು ಅಪರಿಚಿತರು ಪ್ರಯಾಣದ ಯೋಜನೆಯೆಂದು ಓದುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಅಧಿಕಾರಿಗಳ ಅನುಮಾನಕ್ಕೆ ಆಧಾರವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಭೇಟಿಗೆಂದು ಹೋಗಿ ಅಲ್ಲೇ ಉಳಿದವರಿದ್ದಾರೆ. ಅದಕ್ಕೆ ಕಾನೂನಿನಲ್ಲೇ ಒಂದು ದಾರಿಯಿದೆ. ಅಧಿಕಾರಿಯ ಮುಂದೆ ಹಾಜರಾಗಿ ಕ್ರಮಬದ್ಧವಾಗಿ ಒಳಗೆ ಬಂದವರು ಅಮೆರಿಕದ ಪೌರರನ್ನು ಮದುವೆಯಾಗಿದ್ದರೆ, ಅವಧಿ ಮೀರಿ ಉಳಿದಿದ್ದರೂ ದೇಶದೊಳಗಿನಿಂದಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಬರುವಾಗಲೇ ಆ ಉದ್ದೇಶ ಮುಚ್ಚಿಟ್ಟಿದ್ದು ಸಾಬೀತಾದರೆ ಮಾತ್ರ ತೊಂದರೆ. ಅಂದರೆ ಸರದಿ ತಪ್ಪಿಸಿ ಒಳಗೆ ಉಳಿದವರನ್ನು ಕ್ಷಮಿಸುವ ಅವಕಾಶ ಕಾನೂನಿನಲ್ಲಿದೆ. ಪಿಟಿಷನ್ ಹಾಕಿ, ಶುಲ್ಕ ಕಟ್ಟಿ, ಗಡಿಯ ಈಚೆ ಕೂತು ಸರದಿ ಕಾಯುವವರ ಮೇಲೆ ಅನುಮಾನ ಬೀಳುತ್ತದೆ. ಐ-130 ರಸೀತಿ ಮೇಲಿಡುವುದೋ ಕೆಳಗಿಡುವುದೋ ಎಂದು ಆ ಹುಡುಗಿ ಚಿಂತಿಸಿದ್ದು ಈ ಕಾರಣಕ್ಕೆ. ಈ ದಂಪತಿ ಕಾನೂನಿನ ದಾರಿಯಲ್ಲೇ ಇದ್ದಾರೆ, ದಾರಿ ಬಿಟ್ಟರೆ ಕಳೆದುಕೊಳ್ಳುವುದು ಇವರಿಗೇ ಹೆಚ್ಚು ಎಂದು ಹೇಳುವ ಅತ್ಯಂತ ಗಟ್ಟಿ ದಾಖಲೆ ಆ ರಸೀತಿ. ಅದನ್ನೇ ನೆಲೆಸುವ ಉದ್ದೇಶಕ್ಕೆ ಸಾಕ್ಷಿಯೆಂದು ಎಣಿಸುವುದು ಅನ್ಯಾಯ ಎಂದು ನಾನು ಖಚಿತವಾಗಿ ನಂಬುತ್ತೇನೆ. ಅವಳು ಒಂದು ದಿನ ಅಲ್ಲಿಗೆ ಹೋಗಿ ನೆಲೆಸುವವಳೇ, ಅದನ್ನು ಅವಳು ಮುಚ್ಚಿಟ್ಟಿಲ್ಲ. ಈ ವಾರ ನೆಲೆಸುವವಳಲ್ಲ ಅಷ್ಟೆ.

ಕೆನಡಾದ ಪಾಸ್‌ಪೋರ್ಟ್ ಇರುವ ಈ ಹುಡುಗಿಗೆ ಗಡಿಯವರೆಗಾದರೂ ಹೋಗುವ ಭಾಗ್ಯವಿತ್ತು. ಭಾರತದ ಪಾಸ್‌ಪೋರ್ಟಿನಲ್ಲಿ ಇರುವವರ ಕಥೆ ಇನ್ನೂ ಕಷ್ಟ. ಕೆನಡಾದಲ್ಲಿ ಖಾಯಂ ನಿವಾಸಿ ಆಗಿದ್ದರೂ ಅವರಿಗೆ ಅಮೆರಿಕಕ್ಕೆ ಹೋಗಲು ವೀಸಾ ಬೇಕೇ ಬೇಕು. 2023ರ ಜುಲೈನಲ್ಲಿ ಕೆನಡಾ ಸರ್ಕಾರ ಅಮೆರಿಕದ ಎಚ್-1ಬಿ ಹೊಂದಿದವರಿಗೆ ತನ್ನಲ್ಲಿ ಮುಕ್ತವಾಗಿ ದುಡಿಯುವ ಪರವಾನಗಿ ಕೊಡುತ್ತೇನೆಂದಾಗ 10,000 ಅರ್ಜಿಗಳ ಮಿತಿ ಎರಡೇ ದಿನದೊಳಗೆ ತುಂಬಿತು. ಒಬ್ಬರು ಸಿಯಾಟಲ್‌ನಲ್ಲಿ, ಇನ್ನೊಬ್ಬರು ವ್ಯಾಂಕೂವರ್‌ನಲ್ಲಿ ಎಂಬ ಸಂಸಾರಗಳು ಇಂಥ ಲೆಕ್ಕಾಚಾರಗಳಿಂದಲೇ ಹುಟ್ಟುತ್ತವೆ.

ಊರಲ್ಲೇ ಉಳಿದು ಕಾಯುವ ಹೆಂಡತಿಯರದು ಮತ್ತೊಂದು ಪಾಡು. ಅಮೆರಿಕದಲ್ಲಿರುವ ನಮ್ಮ ಹುಡುಗರಿಗೆ ಹಿರಿಯರು ಹೇಳುವ ಬುದ್ಧಿಮಾತೊಂದಿದೆ: ಗ್ರೀನ್ ಕಾರ್ಡ್ ಕೈಗೆ ಬರುವ ಮುಂಚೆ ಮದುವೆ ಮುಗಿಸಿಕೊ. ಎಚ್-1ಬಿಯಲ್ಲಿ ಇರುವವನ ಹೆಂಡತಿ ಎಚ್-4 ವೀಸಾದ ಮೇಲೆ ಹೋಗಬಹುದು. ಅವನಿಗೆ ಗ್ರೀನ್ ಕಾರ್ಡ್ ಬಂದ ಮೇಲೆ ಮದುವೆಯಾದರೆ ಆ ಬಾಗಿಲು ಮುಚ್ಚುತ್ತದೆ. ಅವಳು ಎಫ್2ಎ ಎಂಬ ವರ್ಗದ ಸರದಿಯಲ್ಲಿ ನಿಲ್ಲಬೇಕು. 2019ರ ಜುಲೈನಿಂದ 2023ರ ಮಾರ್ಚ್‌ವರೆಗೆ ಆ ಸರದಿ ಇಲ್ಲದಂತಿತ್ತು. 2023ರ ಏಪ್ರಿಲ್‌ನಲ್ಲಿ ಮತ್ತೆ ವರ್ಷಗಟ್ಟಲೆ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಒಂದು ತಿಂಗಳಾದರೂ ಹೋಗಿ ಬರೋಣ ಎಂದು ಬಿ-2 ವೀಸಾಕ್ಕೆ ಅರ್ಜಿ ಹಾಕಿದರೆ 185 ಡಾಲರ್ ಶುಲ್ಕ, ಸ್ಲಾಟಿಗಾಗಿ ಕಾಯುವುದು, ಚೆನ್ನೈಗೋ ಹೈದರಾಬಾದಿಗೋ ರೈಲು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ವೀಸಾ ಸೇವೆ ಅದರೊಂದಿಗೆ ಶುರುವಾಗಲಿಲ್ಲ.

ಚೆನ್ನೈಗೆ ಹೊರಟವರ ಕೈಯಲ್ಲಿರುವ ಫೈಲನ್ನೂ ನೋಡಿ. ಸಿಎ ಬರೆದುಕೊಟ್ಟ ಆಸ್ತಿ ಮೌಲ್ಯದ ಸರ್ಟಿಫಿಕೇಟ್, ಬ್ಯಾಂಕಿನ ಎಫ್‌ಡಿ, ಮನೆಯ ಖಾತೆ, ಜಮೀನಿನ ಪಹಣಿ. ಪಹಣಿಯಲ್ಲಿ ಇರುವುದು ಅಪ್ಪನ ಹೆಸರು, ಬಹಳವೆಂದರೆ ಅಣ್ಣನ ಹೆಸರು. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಡುವ ಕಾನೂನು ಬಂತು. ಆದರೂ ಮದುವೆಯ ಆಸುಪಾಸಿನಲ್ಲಿ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಅರಿಸಿನ ಕುಂಕುಮ ಕೊಟ್ಟು, ಸೀರೆ ಉಡಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಮದುವೆಯಾದವಳು ಇನ್ನೊಂದು ಮನೆಯವಳು ಎಂದು ಹೇಳಿಕೊಂಡೇ ಬೆಳೆಸಿರುತ್ತೇವೆ, ಮದುವೆಗೆಂದು ಕೆಲಸ ಬಿಡಿಸಿರುತ್ತೇವೆ. ಅಂಥವಳು ಕಾನ್ಸುಲೇಟಿನ ಕಿಟಕಿಯ ಮುಂದೆ ನಿಂತಾಗ ನಿನ್ನನ್ನು ಊರಿಗೆ ಕಟ್ಟಿ ಹಾಕುವುದು ಏನಿದೆ ಎಂದು ಅಮೆರಿಕ ಕೇಳುತ್ತದೆ. ಕೆಲಸವಿಲ್ಲ, ಜಮೀನಿಲ್ಲ, ಸ್ವಂತ ಹೆಸರಿನ ಮನೆಯಿಲ್ಲ. ಎರಡು ನಿಮಿಷದ ಮಾತು, ಫೈಲು ಬಿಚ್ಚುವ ಮುಂಚೆಯೇ ಕೈಗೊಂದು ಚೀಟಿ: 214(ಬಿ) ಅನ್ವಯ ನಿರಾಕರಿಸಲಾಗಿದೆ. ಮೇಲ್ಮನವಿಗೆ ಅವಕಾಶವಿಲ್ಲ. ಬೇಕಾದರೆ ಮತ್ತೆ ಶುಲ್ಕ ಕಟ್ಟಿ ಮತ್ತೆ ಬನ್ನಿ. ಇದರಲ್ಲಿ ಅಮೆರಿಕದ ಕಾನೂನಿನ ಪಾಲೆಷ್ಟು, ನಮ್ಮ ಮನೆಗಳ ಪಾಲೆಷ್ಟು ಎಂದು ನಾವು ಕೇಳಿಕೊಳ್ಳಲೇಬೇಕು. ಮಗಳ ಹೆಸರು ಪಹಣಿಗೆ ಸೇರಿಸುವುದು ವೀಸಾಕ್ಕಾಗಿ ಮಾಡುವ ಕೆಲಸವಲ್ಲ ನಿಜ. ಆದರೆ ಅವಳ ಹೆಸರಿನಲ್ಲಿ ನಾವು ಏನನ್ನೂ ಉಳಿಸಿಲ್ಲ ಎಂಬುದು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಬೀಳುವುದು ಆ ಕಿಟಕಿಯ ಮುಂದೆ.

ಈ ಅನುಮಾನ ಅನಿವಾರ್ಯವೇನಲ್ಲ ಎಂಬುದಕ್ಕೆ ಸೇತುವೆಯ ಈಚೆ ದಡವೇ ಸಾಕ್ಷಿ. 2002ರಲ್ಲಿ ಜಾರಿಗೆ ಬಂದ ಕೆನಡಾದ ವಲಸೆ ಕಾಯ್ದೆಯ 22(2)ನೇ ಕಲಂ ಒಂದೇ ವಾಕ್ಯದಲ್ಲಿ ವಿಷಯ ಇತ್ಯರ್ಥ ಮಾಡುತ್ತದೆ: ಮುಂದೆ ಖಾಯಂ ನಿವಾಸಿಯಾಗುವ ಉದ್ದೇಶ ಇರುವುದು ಈಗ ತಾತ್ಕಾಲಿಕವಾಗಿ ಬರುವುದಕ್ಕೆ ಅಡ್ಡಿಯಲ್ಲ, ಕೊಟ್ಟ ಅವಧಿ ಮುಗಿದಾಗ ಹೊರಡುತ್ತಾರೆ ಎಂದು ಅಧಿಕಾರಿಗೆ ತೃಪ್ತಿಯಾದರೆ ಸಾಕು. ಕಾಗದದ ಮೇಲೆ ಹೀಗಿದ್ದೂ ಅಲ್ಲಿಯೂ ಅರ್ಜಿಗಳು ಧಾರಾಳವಾಗಿ ತಿರಸ್ಕೃತವಾಗುತ್ತಿದ್ದವು. ಕೊನೆಗೆ 2023ರ ಮೇ ತಿಂಗಳಲ್ಲಿ ಆಗಿನ ವಲಸೆ ಸಚಿವ ಷಾನ್ ಫ್ರೇಜರ್, ಸಂಗಾತಿಯ ಪ್ರಾಯೋಜಕತ್ವದ ಅರ್ಜಿ ಹಾಕಿ ಕಾಯುತ್ತಿರುವವರ ಭೇಟಿ ವೀಸಾಗಳನ್ನು ಪ್ರತ್ಯೇಕವಾಗಿ, ಬೇಗ ಪರಿಶೀಲಿಸುವ ವ್ಯವಸ್ಥೆ ಘೋಷಿಸಿದರು. ಅಲ್ಲಿ ಅರ್ಜಿ ಹಾಕಿದ್ದೇ ಅನುಕೂಲಕ್ಕೆ ಬರುವಂತಾಯಿತು. ಎಲ್ಲ ಸರಿಹೋಯಿತು ಎಂದಲ್ಲ, ದಿಕ್ಕು ಸರಿಯಿದೆ.

ಇದೇ ಕೆನಡಾ ನೂರು ವರ್ಷದ ಹಿಂದೆ ಎಷ್ಟು ಕಠೋರವಾಗಿತ್ತು ಎಂದು ನೆನೆದರೆ ಈ ಬದಲಾವಣೆಯ ಬೆಲೆ ತಿಳಿಯುತ್ತದೆ. 1908ರಿಂದ ಅಲ್ಲಿ ಸ್ವದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಪ್ರಯಾಣ ಮಾಡಿ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮವಿತ್ತು. ಭಾರತದಿಂದ ಅಂಥ ಹಡಗೇ ಇರಲಿಲ್ಲ. ಮೊದಲೇ ಹೋಗಿ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ಪಂಜಾಬಿನ ಗಂಡಸರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವಂತಿರಲಿಲ್ಲ. 1912ರಲ್ಲಿ ಭಾಗ್ ಸಿಂಗ್ ಮತ್ತು ಬಲ್ವಂತ್ ಸಿಂಗ್ ಎಂಬ ಇಬ್ಬರು ತಮ್ಮ ಕುಟುಂಬವನ್ನು ಕರೆದುಕೊಂಡು ವ್ಯಾಂಕೂವರ್‌ಗೆ ಬಂದಿಳಿದಾಗ, ಗಂಡಸರನ್ನು ಒಳಗೆ ಬಿಟ್ಟು ಹೆಂಗಸರು ಮಕ್ಕಳನ್ನು ಹಿಂದಕ್ಕೆ ಕಳಿಸಲು ಆದೇಶವಾಯಿತು. ದೊಡ್ಡ ಹೋರಾಟ ನಡೆದ ಮೇಲೆ, ಹಕ್ಕೆಂದಲ್ಲ, ಕೃಪೆಯೆಂದು ಅವರನ್ನು ಉಳಿಸಿಕೊಂಡರು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ನಿಯಮದಲ್ಲೇ ಅವಕಾಶ ಸಿಕ್ಕಿದ್ದು 1919ರಲ್ಲಿ. ಆಗಿನ ಅಧಿಕಾರಿಗಳ ಭಯ ನೇರವಾಗಿತ್ತು: ಹೆಂಗಸರು ಬಂದರೆ ಇವರು ಇಲ್ಲೇ ಬೇರು ಬಿಡುತ್ತಾರೆ.

ವ್ಯಾಂಕೂವರ್ ಇರುವ ಅದೇ ಕರಾವಳಿಯಲ್ಲಿ, ವಾಷಿಂಗ್ಟನ್ ರಾಜ್ಯದ ಬ್ಲೇನ್ ಮತ್ತು ಬ್ರಿಟಿಷ್ ಕೊಲಂಬಿಯಾದ ಸರ್ರೆ ನಡುವೆ ಗಡಿಗೆರೆಯ ಮೇಲೆಯೇ ಪೀಸ್ ಆರ್ಚ್ ಎಂಬ ಬಿಳಿ ಕಮಾನು ಇದೆ, 1921ರದ್ದು. ಸುತ್ತಲಿನ ಪಾರ್ಕಿನಲ್ಲಿ ಎರಡೂ ದೇಶದವರು ಗಡಿ ತಪಾಸಣೆಯಿಲ್ಲದೆ ಸೇರಬಹುದು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಭೂಗಡಿ ಮುಚ್ಚಿದಾಗ ಈ ಹುಲ್ಲುಹಾಸು ಬೇರ್ಪಟ್ಟ ದಂಪತಿಗಳು ಸೇರುವ ಜಾಗವಾಯಿತು. ಜೂನ್‌ನಲ್ಲಿ ಕೆನಡಾದ ಭಾಗದ ಪಾರ್ಕಿಗೆ ಬೀಗ ಬಿದ್ದರೂ ಜನ ಝೀರೊ ಅವೆನ್ಯೂ ಎಂಬ ರಸ್ತೆಯ ಪಕ್ಕದ ಚರಂಡಿ ದಾಟಿ ಅಮೆರಿಕದ ಭಾಗಕ್ಕೆ ಬರುತ್ತಿದ್ದರು. ಡೇರೆ ಹಾಕಿ ದಿನವಿಡೀ ಕೂತಿದ್ದು ಸಂಜೆ ಅವರವರ ದೇಶಕ್ಕೆ ನಡೆದು ಹೋಗುತ್ತಿದ್ದರು. ಅಲ್ಲೇ ಮದುವೆಯಾದವರೂ ಇದ್ದಾರೆ. ಕೆನಡಾದವರು ಅಮೆರಿಕಕ್ಕೆ ವಿಮಾನದಲ್ಲಿ ಹೋಗಬಹುದಿತ್ತು, ಕಾರಿನಲ್ಲಿ ಹೋಗುವಂತಿರಲಿಲ್ಲ. ಆ ನಿರ್ಬಂಧ ತೆರವಾದದ್ದು 2021ರ ನವೆಂಬರ್ 8ರಂದು. ಪೂರ್ವದ ಕಡೆ, ವರ್ಮಾಂಟಿನ ಡರ್ಬಿ ಲೈನ್ ಮತ್ತು ಕ್ವಿಬೆಕ್‌ನ ಸ್ಟಾನ್‌ಸ್ಟೆಡ್ ನಡುವಿನ ಹ್ಯಾಸ್ಕೆಲ್ ಗ್ರಂಥಾಲಯವೂ ಅಂಥದ್ದೇ. ಓದುವ ಕೋಣೆಯ ನೆಲದ ಮೇಲೆ ಎಳೆದ ಕಪ್ಪು ಗೆರೆಯೇ ಗಡಿ. 2017ರಲ್ಲಿ ಅಮೆರಿಕ ಹೇರಿದ ಪ್ರಯಾಣ ನಿಷೇಧದ ನಂತರ ಅಮೆರಿಕದಲ್ಲಿದ್ದ ಇರಾನಿನ ವಿದ್ಯಾರ್ಥಿಗಳು ಕೆನಡಾದ ಕಡೆಯಿಂದ ಬಂದ ತಮ್ಮವರನ್ನು ಆ ಪುಸ್ತಕಗಳ ನಡುವೆ ಭೇಟಿಯಾದರು. ಅಮೆರಿಕದ ನೆಲದಲ್ಲಿರುವ ಅದರ ಮುಂಬಾಗಿಲಿಗೆ ಕೆನಡಾದವರು ನಡೆದು ಬರುವುದಕ್ಕೆ 2025ರಲ್ಲಿ ನಿರ್ಬಂಧ ಬಿತ್ತು. ಗಂಡ ಹೆಂಡತಿ, ತಾಯಿ ಮಕ್ಕಳು ಭೇಟಿಯಾಗಲು ಹೀಗೆ ಚರಂಡಿಯನ್ನೂ ಪುಸ್ತಕದ ಕಪಾಟನ್ನೂ ಹುಡುಕಬೇಕಾಗಿ ಬಂದದ್ದು ಯಾವ ಭದ್ರತೆಯ ಹೆಸರಿನಲ್ಲೂ ನನಗೆ ಒಪ್ಪಿಗೆಯಾಗುವುದಿಲ್ಲ.

ನ್ಯಾಯಾಲಯಕ್ಕೆ ಹೋಗಬಹುದಲ್ಲ ಎನ್ನುವವರಿಗೆ 2024ರ ಜೂನ್‌ನ ತೀರ್ಪನ್ನು ತೋರಿಸಬೇಕು. ಲಾಸ್ ಏಂಜಲಿಸ್‌ನ ವಕೀಲೆ ಸಾಂಡ್ರಾ ಮುನ್ಯೋಸ್ ಅಮೆರಿಕದ ಪೌರೆ, ಗಂಡ ಎಲ್ ಸಾಲ್ವಡೋರ್‌ನವರು. ಅವರ ವಲಸೆ ವೀಸಾ ತಿರಸ್ಕೃತವಾಗಿ ವರ್ಷಗಳಾಗಿದ್ದವು. ಸುಪ್ರೀಂ ಕೋರ್ಟ್ 6–3 ಬಹುಮತದಲ್ಲಿ, ಪರದೇಶಿ ಸಂಗಾತಿಯನ್ನು ದೇಶದೊಳಗೆ ಬಿಡಿ ಎಂದು ಕೇಳುವ ಮೂಲಭೂತ ಹಕ್ಕು ಪೌರರಿಗಿಲ್ಲ ಎಂದಿತು. ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಬಹುಮತದ ತೀರ್ಪು ಬರೆದರು. ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಭಿನ್ನಮತ ಬರೆದರು. ಮದುವೆಯಾಗುವ ಹಕ್ಕನ್ನು ಸಂವಿಧಾನ ಕಾಯುತ್ತದೆ, ಆ ಸಂಗಾತಿಯ ಜೊತೆ ಸ್ವದೇಶದಲ್ಲಿ ಬದುಕುವ ಹಕ್ಕನ್ನು ಕಾಯುವುದಿಲ್ಲ ಎಂಬುದು ಈಗ ಅಲ್ಲಿನ ಕಾನೂನಿನ ಸ್ಥಿತಿ. ಆದ್ದರಿಂದ ಆಗಬೇಕಾದ್ದೆಲ್ಲ ಸಂಸತ್ತಿನಲ್ಲೋ ಗಡಿಯ ಬೂತಿನಲ್ಲೋ ಆಗಬೇಕು.

ಸಂಸತ್ತು ಮಾಡಬೇಕಾದ್ದು ದೊಡ್ಡದೇನಲ್ಲ. ಎಚ್-1ಬಿಯವರಿಗೆ 1990ರಲ್ಲಿ ಕೊಟ್ಟ ವಿನಾಯಿತಿಯನ್ನು ಪಿಟಿಷನ್ ಹಾಕಿ ಕಾಯುತ್ತಿರುವ ಸಂಗಾತಿಗಳ ಭೇಟಿಗೂ ವಿಸ್ತರಿಸಿದರೆ ಸಾಕು. ಅದು ಆಗುವ ತನಕ ಹೋಗಿ ಬರುವವರು ನೆನಪಿಡಬೇಕಾದ್ದು ಕೆಲವಿವೆ. ಕೇಳಿದ ಪ್ರಶ್ನೆಗೆ ನಿಜವಾದ, ಚಿಕ್ಕ ಉತ್ತರ ಕೊಡಿ. ಮದುವೆ ಮುಚ್ಚಿಡಬೇಡಿ, ಪಿಟಿಷನ್ ಇದೆ ಎಂದು ಕೇಳಿದಾಗ ಹೇಳಿ. ಮರಳುವ ತಾರೀಖು ಖಚಿತವಾಗಿರಲಿ, ಕೆಲಸದ ಪತ್ರದಲ್ಲಿ ಅದೇ ತಾರೀಖು ಇರಲಿ. ಮೊದಮೊದಲು ಚಿಕ್ಕ ಭೇಟಿಗಳಿರಲಿ, ಹೇಳಿದ ದಿನಕ್ಕೆ ಮರಳಿ ಬಂದ ದಾಖಲೆಗಿಂತ ದೊಡ್ಡ ಪುರಾವೆ ಇಲ್ಲ. ಮೂಲ ಮಾರ್ಕ್ಸ್ ಕಾರ್ಡು, ಜನನ ಪತ್ರಗಳನ್ನು ಮನೆಯಲ್ಲೇ ಬಿಡಿ. ಹಿಂದಕ್ಕೆ ಕಳಿಸುತ್ತೇವೆ ಎಂದರೆ ಕೋರಿಕೆ ಹಿಂಪಡೆಯಲು ಅವಕಾಶ ಕೊಡಿ ಎಂದು ಸಮಾಧಾನದಿಂದ ಕೇಳಿ. ಸಹಿ ಹಾಕುವ ಮುನ್ನ ಕಾಗದದಲ್ಲಿ ನಿಮ್ಮ ಬಾಯಿಂದ ಬಂದದ್ದೆಂದು ಏನು ಬರೆದಿದ್ದಾರೆ ಎಂಬುದನ್ನು ಪೂರ್ತಿ ಓದಿ.

ಆ ಹುಡುಗಿ ಕುಕ್ಕರನ್ನು ಮಿಸ್ಸಿಸಾಗದಲ್ಲೇ ಬಿಟ್ಟು ಇನ್ನೊಂದು ವಾರಾಂತ್ಯ ಮತ್ತೆ ಹೊರಟಳು. ಹಿಂದಿನ ಸಲ ವಾಪಸು ಕಳಿಸಿದ್ದು ಅಧಿಕಾರಿಯ ಕಂಪ್ಯೂಟರಿನಲ್ಲಿ ಇದ್ದೇ ಇತ್ತು, ಆದ್ದರಿಂದ ಸೆಕೆಂಡರಿ ತಪ್ಪಲಿಲ್ಲ. ಈ ಸಲ ಐ-130 ರಸೀತಿಯನ್ನು ಅವಳು ಎಲ್ಲಕ್ಕಿಂತ ಮೇಲೆ ಇಟ್ಟಿದ್ದಳು. ಹಿರಿಯ ಅಧಿಕಾರಿಯೊಬ್ಬರು ಅದನ್ನು ಓದಿ, ಕಂಪನಿಯ ಪತ್ರದಲ್ಲಿದ್ದ ನಂಬರಿಗೆ ಫೋನು ಮಾಡಿ ವಿಚಾರಿಸಿ, ಭಾನುವಾರ ಸಂಜೆಯೊಳಗೆ ಮರಳಬೇಕು ಎಂದು ಹೇಳಿ ಒಳಗೆ ಬಿಟ್ಟರು. ಅವಳು ಭಾನುವಾರ ಮಧ್ಯಾಹ್ನವೇ ಹೊರಟಳು, ದಾರಿಯಲ್ಲಿ ಟ್ರಾಫಿಕ್ ಸಿಕ್ಕಿ ತಡವಾದರೆ ಎಂಬ ಹೆದರಿಕೆಗೆ.